ಕುಣಿಯೊಳಗಿನ ಕಾಲು

ಮೂವತ್ತೆಂಟು ವರ್ಷ
ಮಣಕಾಲಿನ ತನಕ ನೆಲದೊಳಗ ಇದ್ದಾಕಿ ನಾನು.
ಗುಳೇದಗುಡ್ಡದ ಕುಣಿಮಗ್ಗ ಅಂದರ ಹಂಗ:
ಅರ್ಧ ಹೆಂಗಸು ಮ್ಯಾಲ, ಇನ್ನರ್ಧ ಬಾವ್ಯಾಗ ಇಳಿದಂಗ.
ತುಳಿದೆ, ತುಳಿದೆ,
ಹಾದಿ ಒಂದು ಗೇಣೂ ಸರೀಲಿಲ್ಲ.

ಅಂಥಾಕೀನ್ನ ಸಂಘದ ಮೇಡಮ್ಮು
"ನೇಕಾರರು ನೇಕಾರರನ್ನ ನೋಡಬೇಕು, ನಡೀರಿ ನೀಲಗಂಗವ್ವ" ಅಂದು
ಹೆಬ್ಬೆಟ್ಟು ಒತ್ತಿಸಿ, ಮೂರು ವಿಮಾನ ಹತ್ತಿಸಿ
ಪೆರು ಅನ್ನೋ ದೇಶದ ಗುಡ್ಡದ ಬುಡಕ್ಕ ಇಳಿಸಿದ್ಲು.

ಗುಡ್ಡ ಅಂದ್ನೆಲ್ಲ, ತಪ್ಪಾತು.
ನಮ್ಮೂರ ಕೋಟಿಗುಡ್ಡ, ಅದು ಗುಡ್ಡ.
ಮಧ್ಯಾಹ್ನ ಏರಿ, ಹುಣಸಿಕಾಯಿ ತಿಂದು, ದೀಪ ಹಚ್ಚೋದ್ರಾಗ ಇಳೀಬಹುದು.
ಇದು ಗುಡ್ಡದ ಹೆಗಲ ಮ್ಯಾಲ ಗುಡ್ಡ,
ಅದರ ನೆತ್ತಿಗೆ ಹಿಂಜಿದ ಅರಳಿ ಇಟ್ಟಂಗ ಹಿಮ.
ಲಾಮಾ ಅಂತ ಒಂದು ಪ್ರಾಣಿ, ಒಂಟಿಗೆ ತಂಗಿ, ಕುರಿಗೆ ಅತ್ತಿ.
ಹೊತ್ತದ್ದು ನಮ್ಮ ಗಂಟು,
ಮಾರಿ ಮಾತ್ರ ಗೌಡಸಾನೀದು.

ಎರಡನೇ ದಿನ ಉಸಿರು ಸಿಕ್ಕಾದ ದಾರ:
ಎಳೆದ್ರ ಬರಲಿಲ್ಲ, ಬಿಟ್ರ ಹೋಗಲಿಲ್ಲ.
ತಲಿಯಾಗ ಯಾರೋ ಫಣಿ ಬಡೀತಿದ್ರು.
ಕಾಲು ಮಾತ್ರ ನಗತಿದ್ವು:
"ಎಡ, ಬಲ, ಎಡ, ಬಲ. ಇದು ನಮ್ಮ ದಿನದ ಕೂಲಿ, ಯವ್ವ.
ನೆಲ ಒಂದು ಹಿಂದಕ್ಕ ಹೊಂಟೈತಿ, ಅಷ್ಟ."

ಕಣಿವಿ ನೆತ್ತಿಮ್ಯಾಲ ಕಲ್ಲಿನ ಗುಂಪಿ.
ಬಂದವರೆಲ್ಲ ಒಂದೊಂದು ಕಲ್ಲಿಟ್ಟು ಶಿಖರಕ್ಕ ಕೈ ಮುಗಿದ್ರು.
ಅಪು ಅಂತಾರ ಗುಡ್ಡಕ್ಕ. ನನಗ ಅಪ್ಪಾ ಅಂದಂಗ ಕೇಳಿಸ್ತು.
ನಾನೂ ಇಟ್ಟೆ. ಬರೇ ಕಲ್ಲು ಹೆಂಗ ಕೊಡೋದು ಅಂತ
ಸೆರಗಿನ ಗಂಟು ಬಿಚ್ಚಿ ಒಂದು ಚಿಮಟಿ ಶೇಂಗಾ ಚಟ್ನಿ ಉದುರಿಸಿದೆ.
ಜೋಡಿ ಬಂದಾಕಿ ಬೆರಳು ಅದ್ದಿ ನೆಕ್ಕಿ,
"ಇಂಚಿಕ್!" ಅಂತ ಕಣ್ಣರಳಿಸಿದ್ಲು.
ಶೇಂಗಾದ ತವರು ಈ ಕಡೀನ ಅಂತ, ಹಡಗು ಹತ್ತಿ ನಮ್ಮ ಕಡೆ ಬಂತಂತ.
ನಮ್ಮಜ್ಜಿ ಜನ್ಮಪೂರ್ತಿ ಶೇಂಗಾ ಹೋಳಿಗಿ ಬಡಿದಾಕಿ,
ಅಕಿಗೆ ಯಾರೂ ಹೇಳಿರಲಿಲ್ಲ.

ಆಕಿ ಹೆಸರು ಸತುರ್ನೀನಾ. ಅದರೊಳಗ ಶನಿ ಅದಾನಂತ, ಮೇಡಮ್ಮು ಹೇಳಿದ್ಲು.
ಅಷ್ಟು ತಣ್ಣನ್ನ ಹೆಂಗಸಿಗೆ!
ಮಾತಿಗೆ ಮಾತು ಹೊಂದಲಿಲ್ಲ.
ಆಕಿ ನನ್ನ ಖಣದ ಕುಬಸದ ತೋಳು ಹಿಡಿದು
ಒಳಮೈ ತಿರುವಿ ನೋಡಿದ್ಲು.
ನಾನು ಆಕಿ ಶಾಲಿನ ಚುಂಗು ಹಿಡಿದು ತಿರುವಿ ನೋಡಿದೆ.
ಕಳ್ಳರಂಗ ನಕ್ಕೆವು.
ನೇಯ್ದವರು ಮೊದಲು ನೋಡೋದು ಬೆನ್ನು.

ಡಬಗಳ್ಳಿ ಮ್ಯಾಗಿನ ಬೂದಿಹುಳ ಒಂದು ಕಿತ್ತು
ನನ್ನ ಅಂಗೈಯಾಗ ಅರೆದ್ಲು. ಕೆಂಪಂದ್ರ ಕೆಂಪು!
ಆಮ್ಯಾಲ ಗೂಟಕ್ಕೊಂದು ಕೊನಿ, ಸೊಂಟಕ್ಕೊಂದು ಕೊನಿ,
ಹಾಸು ಬಿಗಿದು ಕುಂತ್ಲು. ಆಕೀನ ಮಗ್ಗದ ಇನ್ನೊಂದು ಕಂಬ.
ಹಿಂದಕ್ಕ ವಾಲಿದ್ರ ಬಿಗಿ, ಮುಂದಕ್ಕ ಬಾಗಿದ್ರ ಸಡಿಲ.
ಮಳಿ ಬಂತು. ಸುತ್ತಿದ್ಲು, ಬಗಲಾಗ ಇಟ್ಟಳು, ಎದ್ದು ಹೊಂಟ್ಲು.

ನಾನು ನಿಂತ ಬಿಟ್ಟೆ.
ಮಗ್ಗ ಬಗಲಾಗ ಇಟಕೊಂಡು ಎದ್ದು ಹೋಗಬಹುದು!

ದೊಡ್ಡ ಹೆಸರಿನ ಆ ಕಲ್ಲಿನೂರು? ಅದನ್ನ ಕೇಳಬ್ಯಾಡ್ರಿ.
ಅವತ್ತು ಮಂಜು. ಇಪ್ಪತ್ತು ಕಲ್ಲು, ಒಬ್ಬನ ಛತ್ರಿ ಕಂಡ್ವು.
ಬೀಗರು, ಬಳಗ, ಹಾಲು ಹಾಕೋ ರುದ್ರಪ್ಪ ಸೈತ
ಅದನ್ನ ಕೇಳತಾರ.

ತಿರುಗಿ ಬಂದು ಕುಣಿಯಾಗ ಕಾಲಿಳಿಸಿದೆ. ನೆಲ ತಂಪಿತ್ತು.
ಅದ ಲಾಳಿ, ಅದ ಆನೆಹೆಜ್ಜಿ, ಅದ ಸೂಜಿಮಲ್ಲಿಗಿ.
ಮೂರನೇ ಖಣದಾಗ ಒಂದು ಕಡೆ ಹೊಕ್ಕು ಸಡಿಲ ಬಿತ್ತು,
ಕೂದಲೆಳಿಯಷ್ಟು.
ಸಾವಕಾರ ಬೆಳಕಿಗೆ ಹಿಡಿದ, ಕಂಡ, ಹನ್ನೆರಡು ರೂಪಾಯಿ ಮುರಕೊಂಡ.

ಮುರಕೊಳ್ಳಲಿ.
ಅಲ್ಲಿ ನಾನು ಉಸಿರಿಗೆ ನಿಂತಿದ್ದೆ.
ಮಧ್ಯಾಹ್ನ ಯಾರೂ ಇಲ್ಲದಾಗ
ಹಳೇ ಹಗ್ಗ ಒಂದು ಸೊಂಟಕ್ಕ ಸುತ್ತಿ
ಬಾಗಲ ಚಿಲಕಕ್ಕ ಕಟ್ಟಿ ನೋಡಿದೆ.
ಹಿಂದಕ್ಕ ವಾಲಿದೆ.
ಚಿಲಕ ಕಿರ್ ಅಂತು.